ದಡದ ಮೇಲಿನ ಚಪ್ಪಲಿ

ಎಲ್ಲಕ್ಕೂ ಮೂಲ ಒಂದು ಜೊತೆ ಚರ್ಮದ ಚಪ್ಪಲಿ. ಹೊಸದು, ಇನ್ನೂ ಅಂಗಡಿಯ ಹೊಳಪು ಹೋಗಿರಲಿಲ್ಲ. ಕತ್ತಲಾಗುವ ಹೊತ್ತಿಗೆ ನೀರಿನಂಚಿನಲ್ಲಿ ಒಂದರ ಪಕ್ಕ ಒಂದು ಒಪ್ಪವಾಗಿ ಕೂತಿದ್ದವು. ನಮ್ಮ ಕಡೆ ದಡದಲ್ಲಿ ಹೀಗೆ ಚಪ್ಪಲಿ ಕಂಡರೆ ಯಾರೂ ಅದರ ಬೆಲೆ ವಿಚಾರಿಸುವುದಿಲ್ಲ. ಅದನ್ನು ಹಾಕಿಕೊಂಡಿದ್ದವನು ಎಷ್ಟು ಆಳದಲ್ಲಿದ್ದಾನೆ ಎಂದು ವಿಚಾರಿಸುತ್ತಾರೆ.

ನೀರೆಂದರೆ ಸ್ಕಂದಗಿರಿಯ ಬುಡದ ಹಳೇ ಕಲ್ಲುಕ್ವಾರಿ. ಕಲ್ಲು ಮುಗಿದು ನೀರು ತುಂಬಿದ ಮೇಲೆ ಅದರ ಮಾಲೀಕ ಚೆನ್ನರಾಯಪ್ಪ ಸುತ್ತ ಲಾರಿಗಟ್ಟಲೆ ಮರಳು ಸುರಿಸಿ, ಪ್ಲಾಸ್ಟಿಕ್ ತೆಂಗಿನಮರ ನಿಲ್ಲಿಸಿ, ಡೈವ್ ರೆಸಾರ್ಟ್ ಎಂದು ಬೋರ್ಡು ಹಾಕಿಸಿದ್ದ. ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವುದನ್ನು ಕಲಿಸುವುದಕ್ಕೆ ಅಂಡಮಾನಿನಲ್ಲಿ ಪಳಗಿ ಬಂದ ಶಿಡ್ಲಘಟ್ಟದ ಅರ್ಬಾಜ್‌ನನ್ನು ಇಟ್ಟುಕೊಂಡಿದ್ದ. ಕಲಿಯಲು ಬಂದವರು ಕಡಿಮೆ. ಆದರೆ ಸುತ್ತಲಿನ ಕೆರೆ, ಬಾವಿಗಳಿಗೆ ಯಾರು ಬಿದ್ದರೂ ಜನ ಅವನ ಬಾಗಿಲು ತಟ್ಟುತ್ತಿದ್ದರು. ಅವನೂ ಇಲ್ಲವೆನ್ನದೆ ಹೋಗುತ್ತಿದ್ದ. ಹೀಗಾಗಿ ಪಾಪದವನಿಗೆ 'ಹೆಣದ ಅರ್ಬಾಜ್' ಎಂಬ ಹೆಸರು ಅಂಟಿಕೊಂಡಿತು.

ಆ ಹೆಸರು ಶಿಡ್ಲಘಟ್ಟದವರೆಗೂ ನಡೆದು, ಅವನು ಮದುವೆಯಾಗಬೇಕೆಂದಿದ್ದ ಕಹಕಶಾನ್‌ಳ ಮನೆಗೂ ಮುಟ್ಟಿತು. ಅವಳ ತಂದೆ ಖಾಜಾ ಪೀರ್ ರೇಷ್ಮೆ ನೂಲು ತೆಗೆಸುವವರು. ದಿನಾ ಸಾವಿರಾರು ಹುಳುಗಳನ್ನು ಗೂಡಿನ ಸಮೇತ ಬೇಯಿಸುವ ಆ ಮನುಷ್ಯನಿಗೆ ಹೆಣ ಮುಟ್ಟುವ ಅಳಿಯ ಮಾತ್ರ ಬೇಡವಾಗಿದ್ದ. ಇನ್ನು ಯಾವ ಹೆಣಕ್ಕೂ ನೀರಿಗೆ ಇಳಿಯುವುದಿಲ್ಲ ಎಂದು ಅರ್ಬಾಜ್ ಆಣೆ ಮಾಡಿದ ಮೇಲೆಯೇ ಅವರು ಮಾತುಕತೆಗೆ ಒಪ್ಪಿದ್ದು. ಮಾತುಕತೆ ನಾಳೆ.

ಚಪ್ಪಲಿಯನ್ನು ಮೊದಲು ಕಂಡವನು ವಾಚ್‌ಮನ್ ಚಲಪತಿ.

"ಅರ್ಬಾಜಪ್ಪ, ಬೇಗ ಬಾರಪ್ಪ. ಯಾರೋ ಹೋಗ್ಬಿಟ್ಟವ್ರೆ."

"ಗೇಟಲ್ಲಿ ಯಾರಾದ್ರೂ ಒಳಗೆ ಬಂದ್ರಾ?"

"ಒಂದು ನರಪಿಳ್ಳೇನೂ ಬಂದಿಲ್ಲ. ನಾನು ಗೇಟ್ ಬಿಟ್ಟು ಅಲ್ಲಾಡಿಲ್ಲ" ಎಂದ ಚಲಪತಿ. ಅವನ ಬಾಯಿಂದ ರಸ್ತೆಯಾಚೆಯ ಅಂಗಡಿಯ ಬೋಂಡದ ವಾಸನೆ ಬರುತ್ತಿತ್ತು.

"ಫೈರ್‌ನೋರಿಗೆ ಫೋನ್ ಮಾಡು. ನಾನು ಇಳಿಯಲ್ಲ."

"ಮಾಡಾಯ್ತು. ಬೆಳಕಾದ್ಮೇಲೆ ಬರ್ತಾರಂತೆ."

ಚೆನ್ನರಾಯಪ್ಪ ಪಂಚೆ ಎತ್ತಿಕಟ್ಟುತ್ತಾ ಬಂದ. "ನಾಳೆ ಬೆಂಗಳೂರಿಂದ ಬುಕಿಂಗ್ ಐತೆ ಕಣಪ್ಪ. ಅವರು ಬರೋಷ್ಟೊತ್ತಿಗೆ ನೀರು ಕ್ಲೀನಾಗಿರ್ಬೇಕು."

"ಒಬ್ಬನೇ ರಾತ್ರಿ ಡೈವ್ ಮಾಡಬಾರದು ಸಾರ್. ನಾನೇ ಎಲ್ಲರಿಗೂ ಹೇಳಿಕೊಡೋ ಮೊದಲನೇ ಪಾಠ ಅದು."

ಅಷ್ಟರಲ್ಲಿ ಅಡುಗೆಯ ರಾಮಲಕ್ಷ್ಮಮ್ಮ ಚಪ್ಪಲಿಯ ಮುಂದೆ ಮರಳಿನಲ್ಲಿ ಎರಡು ಊದುಬತ್ತಿ ಸಿಕ್ಕಿಸಿ ಕಣ್ಣೊರೆಸಿಕೊಂಡಳು. "ಯಾರ ಮನೆ ಯಜಮಾನನೋ ಏನೋ. ಮನೇಲಿ ಊಟಕ್ಕೆ ಕಾಯ್ತಿರ್ತಾರೆ. ಇನ್ನೂ ಉಸಿರಿದ್ರೆ ಏನಪ್ಪಾ ಮಾಡ್ತೀಯ?"

ಆ ಮಾತು ಅರ್ಬಾಜ್‌ನ ಎದೆಗೆ ಚುಚ್ಚಿತು. ಉಸಿರಿದ್ದರೆ ಅದು ಹೆಣವಲ್ಲ, ಹೆಣವಲ್ಲದಿದ್ದರೆ ಆಣೆ ಮುರಿದಂತಲ್ಲ ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡು ಸಿಲಿಂಡರ್ ಬೆನ್ನಿಗೇರಿಸಿದ.

ಕ್ವಾರಿಯ ನೀರು ಅಂಡಮಾನಿನ ನೀರಲ್ಲ. ಮೂರಾಳುದ್ದ ಕೆಳಗೆ ಹೋದರೆ ಮೈ ಕೊರೆಯುವ ಚಳಿ. ಟಾರ್ಚಿನ ಬೆಳಕು ಕೆಸರಿಗೆ ತಾಗಿ ಅಲ್ಲೇ ಸಾಯುತ್ತದೆ. ಹಿಂದೆ ತಾನು ಮೇಲೆತ್ತಿದವರ ಮುಖಗಳೆಲ್ಲ ಅವನಿಗೆ ನೆನಪಾದವು. ಅವನಿಗೆ ನಿಜವಾಗಿಯೂ ಭಯವಾಯಿತು. ಆಗ ಬೆರಳಿಗೆ ಏನೋ ಕೂದಲಿನಂತಹದು ಸಿಕ್ಕಿತು. ಹಲ್ಲು ಕಚ್ಚಿ, ಅದರ ಕೆಳಗಿನ ದೇಹವನ್ನು ತಬ್ಬಿ ಮೇಲೆದ್ದ.

ದಡದಲ್ಲಿ ರಾಮಲಕ್ಷ್ಮಮ್ಮನ ಅಳು ಮುಗಿಲು ಮುಟ್ಟಿತು. ಚಲಪತಿ ಮೊಣಕಾಲುದ್ದ ನೀರಿಗಿಳಿದು ಕೈ ಕೊಟ್ಟ. "ಕಾಲು ಹಿಡ್ಕೊಂಡೆ ಕಣಪ್ಪ. ಆಗ್ಲೇ ಮರದ ತರ ಬಿಗಿದೋಗೈತೆ."

ಟಾರ್ಚ್ ಹಾಕಿ ನೋಡಿದರೆ ಅದು ಮರವೇ. ಹೋದ ತಿಂಗಳ ಗಾಳಿಗೆ ಹಾರಿಹೋಗಿದ್ದ ಚೆನ್ನರಾಯಪ್ಪನ ಪ್ಲಾಸ್ಟಿಕ್ ತೆಂಗಿನಮರ.

"ನನ್ನ ಚಪ್ಪಲಿಗೆ ಊದುಬತ್ತಿ ಹಚ್ಚಿದ್ದು ಯಾರು?"

ಎಲ್ಲರೂ ತಿರುಗಿದರು. ಜನರೇಟರ್ ಶೆಡ್ಡಿನ ಕಡೆಯಿಂದ ಬರಿಗಾಲಲ್ಲಿ, ಕೈಯಲ್ಲಿ ಜಪಮಣಿ ಹಿಡಿದು ಬಂದವರು ಖಾಜಾ ಪೀರ್.

ಹುಡುಗ ಹೇಗಿದ್ದಾನೋ ಹೇಳದೆ ಕೇಳದೆ ಒಮ್ಮೆ ನೋಡಿಬಿಡೋಣ ಎಂದು ಒಂದು ದಿನ ಮುಂಚೆಯೇ ಬಂದಿದ್ದರು. ಹೆಣ್ಣಿನ ತಂದೆ ಇನ್ನು ಹೇಗೆ ಬರುತ್ತಾನೆ? ಗೇಟಿನಲ್ಲಿ ಯಾರೂ ಇರಲಿಲ್ಲ. ಸಂಜೆಯ ನಮಾಜಿಗೆ ದಡದಲ್ಲಿ ಕೈಕಾಲು ತೊಳೆದುಕೊಂಡು, ಒದ್ದೆ ಕಾಲು ಹಾಕಿದರೆ ಹೊಸ ಚರ್ಮ ಹಾಳಾದೀತೆಂದು ಚಪ್ಪಲಿಯನ್ನು ಅಲ್ಲೇ ಬಿಟ್ಟಿದ್ದರು. ಆಮೇಲೆ ಶೆಡ್ಡಿನ ಹಿಂದೆ ಟವೆಲ್ ಹಾಸಿ, ರಾತ್ರಿಯ ನಮಾಜೂ ಮುಗಿಯುವವರೆಗೆ ಕೂತಿದ್ದರು. ಜನರೇಟರಿನ ಸದ್ದಿನಲ್ಲಿ ಇತ್ತಲಿನ ಗೋಳು ಕೇಳಿಸಿರಲಿಲ್ಲ.

"ನಿಮ್ದಾ ಸಾಹೇಬ್ರೆ? ಬದುಕಿದ್ರಲ್ಲ, ಸದ್ಯ" ಎಂದ ಚಲಪತಿ. "ಇಲ್ದಿದ್ರೂ ಯೋಚ್ನೆ ಇರ್ಲಿಲ್ಲ ಬಿಡಿ. ನಮ್ಮ ಹೆಣದ ಅರ್ಬಾಜ್ ಅವ್ನೆ. ಯಾವ ಹೊತ್ತಲ್ಲಿ ಕರೆದ್ರೂ ಇಳೀತಾನೆ."

ಖಾಜಾ ಪೀರ್ ಮರ ತಬ್ಬಿ ನಿಂತಿದ್ದ ಹುಡುಗನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಯಾರ ಹೆಣ ಹುಡುಕ್ತಿದ್ದೆ?"

ಅರ್ಬಾಜ್‌ಗೆ ಸುಳ್ಳು ಹೊಳೆಯಲಿಲ್ಲ.

"ನಿಮ್ದೇ, ಚಾಚಾ."

ಅವರು ಊದುಬತ್ತಿಯನ್ನು ಕಿತ್ತು ಆಚೆಗಿಟ್ಟು, ಚಪ್ಪಲಿ ಹಾಕಿಕೊಂಡು ಗೇಟಿನತ್ತ ನಡೆದರು. ಚಲಪತಿ ಹಿಂದಿನಿಂದ ಕೂಗಿದ: "ಸಾಹೇಬ್ರೆ, ಇವನ ನಂಬರ್ ಇಟ್ಕೊಳ್ಳಿ. ಯಾವಾಗ್ಲಾದ್ರೂ ಬೇಕಾಗ್ತದೆ."

ಕತ್ತಲಲ್ಲಿ ಖಾಜಾ ಪೀರ್ ಒಂದು ಗಳಿಗೆ ನಿಂತರು. ಅವರ ಕೈಯಲ್ಲಿ ಫೋನಿನ ಬೆಳಕು ಹತ್ತಿ, ಆರಿತು. ಅದರಲ್ಲಿದ್ದ ತನ್ನ ನಂಬರು ಇನ್ನಿಲ್ಲ ಎಂದು ಅರ್ಬಾಜ್‌ಗೆ ಯಾರೂ ಹೇಳಬೇಕಾಗಲಿಲ್ಲ.