ನೂರರಿಂದ ನೂರಾ ನಲವತ್ತಕ್ಕೆ ಹೊರಟ ಗಿಟಾರು

ನಮ್ಮ ಮದುವೆಯ ಇಪ್ಪತ್ತೈದನೇ ವಾರ್ಷಿಕೋತ್ಸವದ ದಿನ ಬಂಧುಬಳಗವೆಲ್ಲ ಬಾಯಿ ಬಿಟ್ಟುಕೊಂಡು ನೋಡುವ ಹಾಗೆ ಗಿಟಾರ್ ನುಡಿಸಿಯೇ ತೀರುತ್ತೇನೆ ಎಂದು ನಾನು ಘೋರ ಪ್ರತಿಜ್ಞೆ ಮಾಡಿದೆ! ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ದಿನಕ್ಕೆ ಇನ್ನೂರು ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವ ಕಂಟ್ರೋಲರ್ ನಾನು. ಕೇವಲ ಹತ್ತು ಬೆರಳುಗಳನ್ನು ಹೊರಡಿಸಲಾರೆನೇ?

ಆರಿಸಿಕೊಂಡದ್ದು ಒಂದು ಕೋಲಾಟದ ಪದ. ನನ್ನ ಹೆಂಡತಿ ಸುಚಿತ್ರಾ ತನ್ನ ಅಂಗನವಾಡಿ ಮಕ್ಕಳಿಗೆ ಹೇಳಿಕೊಡುತ್ತಿದ್ದ ಪದ ಅದು. ಹೋದ ವರ್ಷ ಥೈರಾಯ್ಡ್ ಆಪರೇಷನ್ ಆದಾಗಿನಿಂದ ಅವಳು ಹಾಡುವುದನ್ನೇ ಬಿಟ್ಟಿದ್ದಳು. ಡಾಕ್ಟರು "ಇನ್ನು ಹಾಡಬಹುದಮ್ಮಾ" ಎಂದರೂ, "ಉಸಿರು ಸಾಲಲ್ಲ ಕಣ್ರೀ, ಆ ಪದದ ಹಿಂದೆ ಓಡಾಕಾಗಲ್ಲ" ಎಂದು ಸುಮ್ಮನಾಗುತ್ತಿದ್ದಳು. ಅವಳು ಹಾಡದಿದ್ದರೆ ಬೇಡ, ಅವಳ ಪದವನ್ನು ಅವಳದೇ ಓಟದಲ್ಲಿ ನಾನು ನುಡಿಸಿ ಕೇಳಿಸುತ್ತೇನೆ ಎಂಬುದು ನನ್ನ ಒಳಗುಟ್ಟು.

ಆದರೆ ನನ್ನ ಬೆರಳುಗಳಿಗೆ ಓಟವೇ ಇರಲಿಲ್ಲ! ಅದಕ್ಕೆಂದು ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡೆ. ಅದು ಟಿಕ್ ಟಿಕ್ ಎಂದು ತಾಳ ಹಾಕುತ್ತದೆ, ನಾವು ಜೊತೆಗೆ ನುಡಿಸಬೇಕು. ನಿಮಿಷಕ್ಕೆ ಅರವತ್ತು ಟಿಕ್ಕಿನಿಂದ ಶುರು. ಪದ ಒಂದು ಸುತ್ತು ಮುಗಿದ ಕೂಡಲೇ ಅದಾಗಿಯೇ ಐದು ಏರಿಸಿಕೊಳ್ಳುತ್ತದೆ. ಬೆರಳಿಗೆ ಗೊತ್ತೇ ಆಗದಂತೆ ಸ್ಪೀಡು ಬರುತ್ತದೆ ಎಂದು ಬರೆದಿದ್ದರು. ಬೆರಳಿಗೆ ಚೆನ್ನಾಗಿಯೇ ಗೊತ್ತಾಯಿತು! ತಂತಿ ಒತ್ತಿ ಒತ್ತಿ ತುದಿಗಳಲ್ಲಿ ಬೊಬ್ಬೆ ಎದ್ದವು.

ಟಿಕ್ಕಿನ ಪ್ರಭಾವ ನನ್ನೊಬ್ಬನಿಗೇ ನಿಲ್ಲಲಿಲ್ಲ. ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದ ಸುಚಿತ್ರಾಳ ಚಾಕು ಅದರ ಜೊತೆಗೇ ಓಡತೊಡಗಿತು. ನಾನು ನೂರಾ ಹತ್ತು ಮುಟ್ಟುವಷ್ಟರಲ್ಲಿ ಅವಳು ಎರಡು ಕೆಜಿ ಹೆಚ್ಚಿ ಮುಗಿಸಿದ್ದಳು.

"ರೀ! ಒಸಿ ನಿಲ್ಸ್ರೀ ಅದನ್ನ! ಮೂರು ದಿನ ಇದೇ ಪಲ್ಯ ತಿನ್ಬೇಕು ಈಗ!"

ತಿಂದೆವು. ಉಯ್ಯಂಬಳ್ಳಿಯಿಂದ ಬಂದಿದ್ದ ನಮ್ಮತ್ತೆ ದೊಡ್ಡಲಕ್ಷ್ಮಮ್ಮನವರಂತೂ ಮುದ್ದೆ ತೊಳಸುತ್ತಲೇ ಕೂಗಿದರು: "ಅಳಿಮಯ್ಯಾ, ನಿಮ್ಮ ಗಡಿಯಾರ ಕೆಟ್ಟೋಗೈತೆ! ರಿಪೇರಿಗೆ ಕೊಡಪ್ಪಾ!"

ಅಂತೂ ವಾರ್ಷಿಕೋತ್ಸವದ ಭಾನುವಾರ ಸಂಜೆ ಬಂತು. ನಡುಮನೆಯಲ್ಲಿ ಮೂವತ್ತು ಜನ. ಗಿಟಾರ್ ವಾದಕನಿಗೆ ಓದುವ ಕನ್ನಡಕ ಶೋಭಿಸುವುದಿಲ್ಲವೆಂದು ಅದನ್ನು ಕೋಣೆಯಲ್ಲೇ ಬಿಟ್ಟು ಬಂದೆ. ಮೊಬೈಲನ್ನು ಸ್ಪೀಕರಿಗೆ ಜೋಡಿಸಿ, ನೂರರಿಂದ ಶುರುವಾಗಿ ನೂರಾ ನಲವತ್ತಕ್ಕೆ ಏರಲಿ ಎಂದು ಅಂದಾಜಿನಲ್ಲೇ ಗುಂಡಿಗಳನ್ನು ಒತ್ತಿದೆ.

ಮೊದಲ ಸುತ್ತು ಭರ್ಜರಿ! ಜನ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದರು. ಎರಡನೇ ಸುತ್ತು ಮೊದಲಿಗಿಂತ ಸಲೀಸು. ಮೂರನೆಯದು ಇನ್ನೂ ಸಲೀಸು. ಆಹಾ, ಸಾಧನೆ ಎಂದರೆ ಇದು! ಸ್ಪೀಡ್ ಏರಿದಷ್ಟೂ ನನಗೆ ನಿಧಾನವೆನಿಸುತ್ತಿದೆಯಲ್ಲ! ನಾನು ಕಣ್ಣು ಮುಚ್ಚಿ ತಲೆದೂಗಿದೆ.

ಏಳನೇ ಸುತ್ತಿಗೆ ಚಪ್ಪಾಳೆಗಳು ದಾರಿ ತಪ್ಪಿದವು. ಪಕ್ಕದ ಮನೆಯ ರೇಷ್ಮೆ ನೂಲು ತೆಗೆಯುವ ಮುನಾವರ್ ಕಳವಳದಿಂದ ಕೇಳಿದ: "ಕಂಟ್ರೋಲರ್ ಸಾರ್, ಬ್ಯಾಟ್ರಿ ಡೌನ್ ಆಗೈತಾ?"

ಕಣ್ಣು ಕಿರಿದು ಮಾಡಿ ಮೊಬೈಲ್ ನೋಡಿದೆ. ಎಪ್ಪತ್ತು! ಪ್ಲಸ್ ಒತ್ತುವ ಕಡೆ ಮೈನಸ್ ಒತ್ತಿದ್ದೆ! ಏರಬೇಕಾದ ಗಿಟಾರು ಸುತ್ತಿಗೆ ಐದರಂತೆ ಇಳಿಯುತ್ತಾ ಬಂದಿತ್ತು. ನಿಲ್ಲಿಸೋಣವೆಂದರೆ ಎರಡೂ ಕೈ ತಂತಿಯ ಮೇಲೆ. ಜನ ಮುಸಿಮುಸಿ ನಗುತ್ತಿದ್ದರು. ನಾನು ತಲೆ ತಗ್ಗಿಸಿ ನುಡಿಸುತ್ತಲೇ ಹೋದೆ.

ಆಗ ಒಂದು ದನಿ ಕೇಳಿಸಿತು. ಸಣ್ಣದು, ಸ್ವಲ್ಪ ಒಡಕು. ಬಾಗಿಲ ಬಳಿ ಕೋಸಂಬರಿ ಪಾತ್ರೆ ಹಿಡಿದು ನಿಂತಿದ್ದ ಸುಚಿತ್ರಾ ತನಗೇ ತಿಳಿಯದಂತೆ ಗುನುಗುತ್ತಿದ್ದಳು. ಅರವತ್ತೈದಕ್ಕೆ ಇಳಿದಾಗ ಗುನುಗು ಮಾತಾಯಿತು. ಅರವತ್ತಕ್ಕೆ ಅವಳು ಪಾತ್ರೆ ಕೆಳಗಿಟ್ಟು ಹಾಡುತ್ತಿದ್ದಳು!

ನಗು ನಿಂತಿತು. ನಾನು ತಟ್ಟನೆ ಒಂದು ಕೈ ಬಿಡಿಸಿಕೊಂಡು ಟಿಕ್ಕನ್ನು ನಿಲ್ಲಿಸಿದೆ. ಅವಳು ಉಸಿರೆಳೆದುಕೊಂಡಾಗ ನಾನೂ ಕಾದೆ, ಅವಳು ಹೊರಟಾಗ ನಾನೂ ಹೊರಟೆ. ಇನ್ನೂರು ಬಸ್ಸುಗಳನ್ನು ಹೊರಡಿಸುವವನಿಗೆ ಒಬ್ಬರಿಗಾಗಿ ಕಾಯುವುದು ಇಷ್ಟು ಹಿತವಾಗಿರುತ್ತದೆಂದು ಗೊತ್ತಿರಲಿಲ್ಲ. ಪದ ಮುಗಿದಾಗ ಅವಳ ಕಣ್ಣು ಒದ್ದೆ. ನನ್ನದನ್ನು ನಾನು ನೋಡಿಕೊಳ್ಳಲಿಲ್ಲ.

ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ನಂಗೋಸ್ಕರ ಬೇಕೂಂತಲೇ ನಿಧಾನ ಮಾಡಿದ್ರಾ?"

"ಮತ್ತೆ? ಇನ್ಯಾರಿಗೋಸ್ಕರ!" ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಸುಳ್ಳಿಗೆ ಇಂಥ ಮುಹೂರ್ತ ಮತ್ತೆ ಸಿಗುತ್ತದೆಯೇ!

ಅವಳು ಮೊಬೈಲ್ ಎತ್ತಿ ನೋಡಿದಳು. ತುಟಿ ಕಚ್ಚಿಕೊಂಡಳು. "ಮೈನಸ್ ಒತ್ತಿದೀರಲ್ರೀ!" ಎಂದವಳೇ ಕಣ್ಣೀರಿನಲ್ಲೂ ಕಿಲಕಿಲ ನಕ್ಕಳು. ಆ ನಗು ಮಾತ್ರ ನೂರಾ ನಲವತ್ತರಲ್ಲಿತ್ತು.

ಅಷ್ಟರಲ್ಲಿ ನಮ್ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಬಂದು ಮಗಳ ಗಲ್ಲ ಸವರಿದರು.

"ಪದ ಬಲು ಸಂದಾಗಿತ್ತು ಕಣವ್ವಾ! ಅಳಿಮಯ್ಯ ಆ ಪೆಟ್ಗೆ ಬಾರ್ಸೋದು ಒಸಿ ನಿಲ್ಸಿದ್ರೆ ಇನ್ನೂ ಸಂದಾಗಿ ಕೇಳ್ತಿತ್ತು!"