ನಿಮ್ಮನ್ನ ಹೆಂಗೆ ಕರೀಬೇಕು?

ನನ್ನ ಚಿಕ್ಕಪ್ಪನಿಗೆ ಫೋನ್ ಮಾಡಿ ಸಾಲವನ್ನೋ ವಿಮೆಯನ್ನೋ ಸೈಟನ್ನೋ ಮಾರಿ ಗೆದ್ದ ಕಂಪನಿ ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ. ಅವರು ಫೋನ್ ಎತ್ತುವುದಿಲ್ಲ ಎಂದಲ್ಲ. ಎತ್ತುತ್ತಾರೆ! ಎತ್ತಿದ ಮೇಲೆ ಇಡುವುದಿಲ್ಲ, ಅದೇ ಕಷ್ಟ. ಇಂಥ ಮನುಷ್ಯನ ಕೈಯಲ್ಲಿ ನನ್ನ ಮದುವೆಯ ಜವಾಬ್ದಾರಿ ಇತ್ತು. ಮೂವತ್ತಾರು ತುಂಬಿದರೂ ನಾನೇಕೆ ಅವ್ವ ಕಟ್ಟಿಕೊಟ್ಟ ಬುತ್ತಿ ಹಿಡಿದು ಚನ್ನಗಿರಿಯಿಂದ ನ್ಯಾಮತಿಯ ಕಾಲೇಜಿಗೆ ಗುಮಾಸ್ತಿಕೆ ಮಾಡಲು ಹೋಗುತ್ತಿದ್ದೆ ಎಂಬುದಕ್ಕೆ ಬೇರೆ ವಿವರಣೆ ಬೇಕೆ?

ಚಿಕ್ಕಪ್ಪನ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಅನುಮತಿ ಕೇಳಿ ನೋಡಿದೆ.

"ಓದೋರು ಯಾರು?" ಎಂದರು.

"ಯಾರೋ ಓದ್ತಾರೆ ಚಿಕ್ಕಪ್ಪ. ನಮಗೇನು ಗೊತ್ತಾಗ್ತೈತೆ?"

"ಅವ್ರ ಹೆಸ್ರು ನನಗೆ ಗೊತ್ತಿಲ್ಲ ಅಂದ್ಮ್ಯಾಲೆ ನನ್ನ ಹೆಸ್ರು ಅವ್ರಿಗ್ಯಾಕೆ? ಮೊದ್ಲು ಅವ್ರು ಹೇಳ್ಲಿ."

ಆದ್ದರಿಂದ ಅವರ ಹೆಸರು ತಿಳಿಯಬಯಸುವ ಓದುಗರು ಖುದ್ದಾಗಿ ಚನ್ನಗಿರಿಗೆ ಬಂದು, ತಂತಮ್ಮ ಹೆಸರು ಹೇಳಿ, ಪರಿಚಯ ಮಾಡಿಕೊಳ್ಳತಕ್ಕದ್ದು.

ಅಪರಿಚಿತರನ್ನು ಮಾತನಾಡಿಸುವ ಬಗ್ಗೆ ಚಿಕ್ಕಪ್ಪನದೇ ಒಂದು ಕಾನೂನಿದೆ. ಯಾವ ವಿಧಾನಸಭೆಯೂ ಅದನ್ನು ಅಂಗೀಕರಿಸಿಲ್ಲ, ತಿದ್ದುಪಡಿಗೂ ಅವಕಾಶವಿಲ್ಲ. ಮೊದಲು ನಿನ್ನ ಹೆಸರು, ಊರು ಹೇಳಬೇಕು. ಆಮೇಲೆ ಎದುರಿನವರ ಹೆಸರನ್ನು ಪೂರ್ತಿಯಾಗಿ, ಮರ್ಯಾದೆ ಸೇರಿಸಿ ಕರೆಯಬೇಕು. ಅವರು 'ಹೂಂ' ಅನ್ನುವವರೆಗೆ ಬಾಯಿ ಮುಚ್ಚಿಕೊಂಡು ಕಾಯಬೇಕು. 'ಹೂಂ' ಬಂದ ಮೇಲೆ, "ನಿಮ್ಮನ್ನ ಹೆಂಗೆ ಕರೀಬೇಕು?" ಎಂದು ಕೇಳಬೇಕು. ಬಂದ ಕೆಲಸದ ಮಾತು ಏನಿದ್ದರೂ ಅದಾದ ಮೇಲೆ. ನಾನು ಹುಟ್ಟಿದಾಗ ತೊಟ್ಟಿಲ ಮುಂದೆ ಕೈಮುಗಿದು ನಿಂತು ಹೆಸರು, ಊರು, ಹುದ್ದೆ ಸಮೇತ ತಮ್ಮ ಪರಿಚಯ ಹೇಳಿಕೊಂಡಿದ್ದರಂತೆ. ನಾನು ಕಿಟಾರನೆ ಕಿರುಚಿದೆನಂತೆ. ಅದನ್ನು ಅವರು 'ಹೂಂ' ಎಂದು ದಾಖಲು ಮಾಡಿಕೊಂಡರಂತೆ!

ಒಂದು ದಿನ ಮಧ್ಯಾಹ್ನ ಸಾಲದ ಕಂಪನಿಯೊಂದರಿಂದ ಫೋನು ಬಂತು. "ಹಾಯ್" ಎಂದು, ಚಿಕ್ಕಪ್ಪನ ಹೆಸರನ್ನು ಬೋಳುಬೋಳಾಗಿ ಕರೆದು, "ನಿಮಗೆ ಐದು ಲಕ್ಷ ಲೋನ್ ಸ್ಯಾಂಕ್ಷನ್ ಆಗಿದೆ" ಎಂದಿತು ಹೆಣ್ಣುದನಿ.

"ನೀವ್ಯಾರು ತಾಯಿ?"

"ಸರ್, ನಾವು ಪರ್ಸನಲ್ ಲೋನ್ ವಿಭಾಗದಿಂದ..."

"ವಿಭಾಗ ಆಮ್ಯಾಲೆ. ನಿಮ್ಮನ್ನ ಹೆಂಗೆ ಕರೀಬೇಕು?"

"ರಿಯಾ ಸರ್. ಐದು ಲಕ್ಷ..."

"ಐದು ಲಕ್ಷ ಎಲ್ಲೂ ಓಡಿಹೋಗಲ್ಲ. ರಿಯಾ ಅಂತ ಮನ್ಯಾಗೆ ಕರೀತಾರಾ?"

ಆ ಕಡೆ ದನಿ ಇಳಿಯಿತು. "ಮನ್ಯಾಗೆ ರುದ್ರಮ್ಮ ಅಂತಾರೆ ಸರ್. ಆಫೀಸ್ನಾಗೆ ರಿಯಾ ಅಂತ ಹೇಳು ಅಂದಾರೆ."

ಮುಂದಿನ ಇಪ್ಪತ್ತು ನಿಮಿಷದಲ್ಲಿ ರುದ್ರಮ್ಮನವರು ಸೂರಗೊಂಡನಕೊಪ್ಪದ ಮಗ್ಗುಲ ಊರಿನವರೆಂದೂ, ಅವರ ಅಪ್ಪನ ಆಕಳು ಎರಡು ದಿನದಿಂದ ಮೇವು ಮುಟ್ಟಿಲ್ಲವೆಂದೂ ತಿಳಿದುಬಂತು. ಚಿಕ್ಕಪ್ಪ ದನದಾಸ್ಪತ್ರೆಯಲ್ಲಿ ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದವರು. ಫೋನಿನಲ್ಲಿಯೇ ಆಕಳಿನ ಯೋಗಕ್ಷೇಮ ವಿಚಾರಿಸಿ, ಯಾವ ಡಾಕ್ಟರಿಗೆ ತೋರಿಸಬೇಕೆಂದು ಹೇಳಿ, "ಬರ್ತೀನಿ ರುದ್ರಮ್ಮನವರೇ" ಎಂದು ಇಟ್ಟರು. ಸಾಲದ ವಿಷಯ ಇಬ್ಬರಿಗೂ ಮರೆತೇಹೋಗಿತ್ತು! ಆ ಹುಡುಗಿ ಈಗಲೂ ಫೋನ್ ಮಾಡುತ್ತಾಳೆ. ಆಕಳ ವಿಷಯಕ್ಕೆ.

ಕೆಲಸದಲ್ಲಿದ್ದಾಗಲೂ ಇದೇ ಕಾನೂನು. ಉಬ್ರಾಣಿ ಕಡೆ ಒಂದು ಮನೆಯ ಎಮ್ಮೆಗೆ ಸೂಜಿಮದ್ದು ಹಾಕಬೇಕಿತ್ತು. ಚಿಕ್ಕಪ್ಪ ಸೂಜಿ ಹಿಡಿದು ನಿಂತು, "ಏನು ಹೆಸ್ರು?" ಎಂದರು.

"ನಂದಾ?"

"ನಿಮ್ದು ಆಗ್ಲೇ ಕೇಳಿದೀನಿ. ಎಮ್ಮೇದು."

"ಎಮ್ಮಿಗೆಂಥ ಹೆಸ್ರು ರೀ! ಎಮ್ಮಿ ಅಂತೀವಿ."

"ನಿಮ್ಮನ್ನ 'ಏ ಮನುಷ್ಯ' ಅಂತ ಕರೆದ್ರೆ ಬರ್ತೀರೇನ್ರಿ?"

ಅಷ್ಟರಲ್ಲಿ ಒಳಗಿನಿಂದ ಯಜಮಾನನ ಹೆಂಡತಿಯ ದನಿ ಬಂತು: "ಮದ್ವಿಯಾಗಿ ಇಪ್ಪತ್ತು ವರ್ಷಾತು, ಈವಪ್ಪ ನನ್ನ ಹೆಸ್ರೇ ಒಂದು ದಿನ ಕರೆದಿಲ್ಲ. ಎಮ್ಮಿಗೆ ಎಲ್ಲಿಂದ ತರ್ತಾನೆ ಬಿಡ್ರಿ ಸಾರ್!"

ಯಜಮಾನ ಮುಖ ಎಲ್ಲಿಡಬೇಕೆಂದು ತಿಳಿಯದೆ ಎಮ್ಮೆಯ ಹಿಂದೆ ನಿಂತ. ಎಮ್ಮೆ ಒದೆಯಿತು. ಸೂಜಿಮದ್ದು ಯಾರಿಗೆ ಹೆಚ್ಚು ನಾಟಿತೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಎಮ್ಮೆ, ಆಕಳುಗಳವರೆಗೆ ಎಲ್ಲ ಸರಿ. ನನ್ನ ಗತಿ ಏನು? ಅಪ್ಪ ತೀರಿಕೊಂಡ ಮೇಲೆ ನನಗೆ ಹಿರಿಯರೆಂದು ಇದ್ದವರು ಇವರೊಬ್ಬರೇ. ಹೆಣ್ಣು ನೋಡಲು ಹೋದಲ್ಲಿ ನಮ್ಮ ಕಡೆಯ ಮಾತು ಇವರೇ ಆಡಬೇಕು. ಹೊನ್ನಾಳಿಯ ಒಂದು ಮನೆಗೆ ಹೋದೆವು. ಅವಲಕ್ಕಿ ಆಯಿತು, ಟೀ ಆಯಿತು. ಯಜಮಾನರು ಒಳಗೆ ತಿರುಗಿ, "ಹುಡುಗೀನ ಕರೀರಿ" ಎಂದರು.

"ಯಾವ ಹುಡುಗಿ?" ಎಂದರು ಚಿಕ್ಕಪ್ಪ.

ಯಜಮಾನರು ಗಾಬರಿಯಾದರು. "ಅದೇ ರೀ, ನೀವು ನೋಡಾಕೆ ಬಂದಿರೋ ಹುಡುಗಿ!"

"ನಾವು ನೋಡಾಕೆ ಬಂದಿಲ್ಲ, ಮಾತಾಡ್ಸಾಕೆ ಬಂದೀವಿ. ಹೆಸ್ರು ಇಟ್ಟೀರೋ ಇಲ್ಲೋ?"

"ಬಯೋಡಾಟಾದಾಗೆ ಐತಲ್ರಿ."

"ಬಯೋಡಾಟಾದಾಗೆ ವಯಸ್ಸು, ಎತ್ತರ, ಬಣ್ಣಾನೂ ಐತೆ. ನಮ್ಮ ದನದಾಸ್ಪತ್ರೆ ಚೀಟಿಯಾಗೂ ಇಷ್ಟೇ ಇರ್ತಿತ್ತು!"

ನಾವು ಹೊನ್ನಾಳಿ ಬಸ್‌ಸ್ಟ್ಯಾಂಡ್ ತಲುಪುವ ಮೊದಲೇ ಮಧ್ಯಸ್ಥಗಾರರ ಸಂದೇಶ ನನ್ನ ಮೊಬೈಲಿಗೆ ತಲುಪಿತ್ತು: "ಹುಡುಗ ಪರವಾಗಿಲ್ಲ. ಹಿರಿಯರು ಸರಿಯಿಲ್ಲ."

ಹೀಗೆ ಇನ್ನೂ ಮೂರು ಮನೆಗಳ ಬಾಗಿಲು ಮುಚ್ಚಿದವು. ಐದನೆಯದು ಜಗಳೂರಿನದು. ಹೊರಡುವ ಮುಂಚೆ ಅವ್ವ ಚಿಕ್ಕಪ್ಪನನ್ನು ಎದುರಿಗೆ ಕೂರಿಸಿಕೊಂಡಳು.

"ನೋಡಪ್ಪಾ ಮೈದುನ, ಇದೇ ಕಡೀದು. ಅಲ್ಲಿ ನೀನು ಬಾಯಿ ಬಿಟ್ರೆ ನನ್ನ ಮಗ ಹಿಂಗೇ ಮುದುಕ ಆಗ್ತಾನೆ."

"ಬಿಡಲ್ಲ ಅತ್ತಿಗೆಮ್ಮ."

"ಆಣೆ?"

"ಆಣೆ."

ಜಗಳೂರಿನ ಮನೆಯ ನಡುಮನೆಯಲ್ಲಿ ಬುದ್ಧನ ಪಟವಿತ್ತು. ಆ ಹೊತ್ತು ಅಲ್ಲಿ ಸಮಾಧಾನದಿಂದ ಕೂತಿದ್ದವನು ಅವನೊಬ್ಬನೇ. ಮಂಡಕ್ಕಿ, ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ಬಂತು. ಹುಡುಗಿಯ ಅಪ್ಪ ಶುರುಮಾಡಿದರು: "ಹುಡುಗಿ ಬಿ.ಎಡ್. ಮಾಡೈತೆ." ಚಿಕ್ಕಪ್ಪ ತುಟಿಯವರೆಗೆ ಬಂದ ಮಾತಿನ ಮೇಲೆ ಒಂದು ಬಜ್ಜಿ ತುರುಕಿದರು. "ಹುಡುಗಿ ಹೈಸ್ಕೂಲಾಗೆ ಗಣಿತ ಹೇಳ್ತೈತೆ." ಇನ್ನೊಂದು ಬಜ್ಜಿ. "ಹುಡುಗಿ ಭಾಳ ಶಾಂತ." ಮತ್ತೊಂದು. ಐದನೆಯ 'ಹುಡುಗಿ'ಯ ಹೊತ್ತಿಗೆ ಚಿಕ್ಕಪ್ಪನ ಕಣ್ಣಿನಿಂದ ಧಾರಾಕಾರ ನೀರು! ಹುಡುಗಿಯ ಅಪ್ಪನ ಮನಸ್ಸು ಕರಗಿಹೋಯಿತು. "ಹಿರಿಯರು ಎಷ್ಟು ಮೃದು ನೋಡ್ರಿ" ಎಂದು ಅವ್ವನಿಗೆ ಹೇಳಿದರು. ಅವ್ವ ಮೈದುನನನ್ನು ಹೆಮ್ಮೆಯಿಂದ ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಟೀ ತಟ್ಟೆ ಹಿಡಿದು ಆಕೆ ಬಂದರು. "ಹುಡುಗಿ ಬಂತು, ನೋಡ್ಕಳ್ರಿ" ಎಂದರು ಅಪ್ಪ.

ತಟ್ಟೆಯಲ್ಲಿ ಬಜ್ಜಿ ಮುಗಿದಿತ್ತು.

ಚಿಕ್ಕಪ್ಪ ಎದ್ದು ನಿಂತರು. ಅವ್ವ ಕಣ್ಣು ಮುಚ್ಚಿಕೊಂಡಳು. ನಾನು ಬುದ್ಧನ ಕಡೆ ನೋಡಿದೆ. ಆತ ಮೊದಲೇ ಮುಚ್ಚಿಕೊಂಡಿದ್ದ. ಚಿಕ್ಕಪ್ಪ ಕೈಮುಗಿದು ತಮ್ಮ ಹೆಸರು ಹೇಳಿದರು, ಊರು ಹೇಳಿದರು. ಆಮೇಲೆ, "ಸುಜಾತ ಅವರೇ" ಎಂದರು. ಎಂದು, ಕಾದರು.

"ಹೂಂ" ಎಂದರು ಆಕೆ.

"ನಿಮ್ಮನ್ನ ಹೆಂಗೆ ಕರೀಬೇಕು ತಾಯಿ?"

ಆಕೆ ಟೀ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟರು. "ಸುಜಾತ ಅಂತಾನೇ ಕರೀರಿ. ದಿನಾ ಐವತ್ತೆರಡು ಮಕ್ಕಳ ಹೆಸ್ರು ಕರೆದು ಹಾಜರಿ ಹಾಕ್ತೀನಿ. ನಮ್ಮನ್ಯಾಗೆ ಮಾತ್ರ ಒಂದು ವರ್ಷದಿಂದ ನನಗೆ ಹುಡುಗಿ ಅಂತ್ಲೇ ಹೆಸ್ರು."

ಹುಡುಗಿಯ ಅಪ್ಪ ಕೆಮ್ಮಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವ್ವ ಮೈದುನನ ಪಕ್ಕ ಕೂರಲಿಲ್ಲ. "ಮುಗೀತು" ಎಂದಳು, ಕಿಟಕಿಗೆ.

ಮೂರನೆಯ ದಿನ ಕಾಲೇಜಿನಲ್ಲಿ ಊಟದ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು. "ನಮಸ್ಕಾರ. ನಾನು ಜಗಳೂರಿನಿಂದ ಸುಜಾತ" ಎಂದು, ನನ್ನ ಹೆಸರನ್ನು ಪೂರ್ತಿಯಾಗಿ, ಮರ್ಯಾದೆಯಿಂದ ಕರೆದು, ದನಿ ನಿಂತಿತು. ನಾನು ಮುಂದಿನ ಮಾತಿಗೆ ಕಾದೆ. ಆ ಕಡೆಯವರೂ ಕಾಯುತ್ತಿದ್ದರು. ಏತಕ್ಕೆ ಕಾಯುತ್ತಿದ್ದಾರೆಂದು ಹೊಳೆಯುವಷ್ಟರಲ್ಲಿ ಕೈಯಲ್ಲಿದ್ದ ಚಪಾತಿ ತಣ್ಣಗಾಗಿತ್ತು.

"ಹೂಂ" ಎಂದೆ.

"ನಿಮ್ಮನ್ನ ಹೆಂಗೆ ಕರೀಬೇಕು?"

ಈ ಪ್ರಶ್ನೆಯನ್ನು ನನಗೆ ಇದುವರೆಗೆ ಯಾರೂ ಕೇಳಿರಲಿಲ್ಲವಲ್ಲ!

"ನಿಮ್ಮನ್ನ ನೋಡಿ ಒಪ್ಕಂಡೆ ಅನ್ಕಾಬ್ಯಾಡ್ರಿ" ಎಂದರು ಆಕೆ. "ನೀವು ಆವತ್ತು ಬಾಯೇ ಬಿಡ್ಲಿಲ್ಲ. ಆ ಚಿಕ್ಕಪ್ಪನ ಕೈಯಾಗೆ ಬೆಳೆದೋರು ಅಂತ ಒಪ್ಕಂಡೆ."

ಅವ್ವ ಅಂದು ಮೈದುನನಿಗೆ ಹೋಳಿಗೆ ಮಾಡಿ ಬಡಿಸಿದಳು. ಚಿಕ್ಕಪ್ಪ ಎಂಟು ತಿಂದರು. ಕಾನೂನಿಗೆ ಸಂದ ಜಯವೆಂದು ಒಂಬತ್ತನೆಯದನ್ನೂ ತಿಂದರು.

ಲಗ್ನಪತ್ರಿಕೆ ಅಚ್ಚು ಹಾಕಿಸುವ ಹೊತ್ತು ಬಂತು. ಸುಜಾತ ಫೋನಿನಲ್ಲಿ ಕೇಳಿದಳು (ಅಷ್ಟರಲ್ಲಿ 'ಆಕೆ' ಹೋಗಿ 'ಅವಳು' ಆಗಿದ್ದಳು, ಅವಳ ಅನುಮತಿಯ ಮೇರೆಗೇ): "ಇಂಥವರ ಮೊಮ್ಮಗ ಅಂತ ಹಾಕ್ತಾರಲ್ಲ, ನಿಮ್ಮ ಅಜ್ಜಾರ ಹೆಸ್ರು ಹೆಂಗೆ ಹಾಕಾಣ?" ನಾನು ಚಿಕ್ಕಪ್ಪನನ್ನು ಕೇಳಿದೆ.

ಸಾಲದ ಕಂಪನಿಯ ಹುಡುಗಿಯಿಂದ ಉಬ್ರಾಣಿಯ ಎಮ್ಮೆಯವರೆಗೆ ಎಲ್ಲರನ್ನೂ ಹೇಗೆ ಕರೆಯಬೇಕೆಂದು ಬಲ್ಲ ನನ್ನ ಚಿಕ್ಕಪ್ಪ ಬರೆಯಲು ತೆಗೆದ ಪೆನ್ನನ್ನು ಮತ್ತೆ ಜೇಬಿಗಿಟ್ಟರು.

ಅಜ್ಜ ನಮ್ಮ ಹಳೆಯ ಊರಿನಲ್ಲಿ ಜೀವಮಾನವೆಲ್ಲ ಬೇರೆಯವರ ಹೊಲದಲ್ಲಿ ದುಡಿದವರು. ನಮ್ಮ ಕೇರಿಯ ಗಂಡಸರನ್ನು ಆಗ ಯಾರೂ ಪೂರ್ತಿ ಹೆಸರಿನಿಂದ ಕರೆಯುತ್ತಿರಲಿಲ್ಲ. ಎಪ್ಪತ್ತು ವರ್ಷದ ಅಜ್ಜನನ್ನು ಆ ಹೊಲದವರ ಮನೆಯ ಏಳು ವರ್ಷದ ಮಕ್ಕಳು 'ಲೇ ಭರ್ಮ್ಯಾ' ಎಂದು ಕೂಗುತ್ತಿದ್ದರು. ಅಜ್ಜ ಓಡುತ್ತಿದ್ದರು.

"ನಮ್ಮಪ್ಪನ ಹೆಸ್ರು ಪೂರ್ತಿ ಕೇಳಿದ್ದು ನಾನು ಒಂದೇ ಸಲ" ಎಂದರು ಚಿಕ್ಕಪ್ಪ. "ನನ್ನ ಸ್ಕೂಲಿಗೆ ಸೇರ್ಸಾಕೆ ಕರ್ಕಂಡು ಹೋಗಿದ್ದ. ಮೇಷ್ಟ್ರು ನಿನ್ನ ಹೆಸ್ರೇನು ಅಂದ್ರು. ಅಪ್ಪ ಆ ಕಡೆ ಈ ಕಡೆ ನೋಡ್ದ. ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕಂಡು, ಭರಮಪ್ಪ ಅಂತ ಮೆಲ್ಲಕೆ ಹೇಳ್ದ. ಕದ್ದಿದ್ದನ್ನ ತೋರಿಸ್ದಂಗೆ."

ಪತ್ರಿಕೆ ಅಚ್ಚಾಗಿ ಬಂತು. ಮೊದಲ ಪ್ರತಿಯನ್ನು ಚಿಕ್ಕಪ್ಪ ಯಾರಿಗೂ ಕೊಡಲಿಲ್ಲ. ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು, ನನ್ನನ್ನು ಕರೆದುಕೊಂಡು, ಹಳೆಯ ಊರಿಗೆ ಹೋದರು. ಅಜ್ಜನನ್ನು ಮಣ್ಣು ಮಾಡಿದ ಜಾಗದಲ್ಲಿ ಕಟ್ಟೆಯಿಲ್ಲ, ಕಲ್ಲಿಲ್ಲ. ಒಂದು ಬೇವಿನ ಗಿಡವಿದೆ. ಅದರ ಮುಂದೆ ಚಪ್ಪಲಿ ಬಿಟ್ಟು, ಕೈಮುಗಿದು ನಿಂತರು. ಮೊದಲು ತಮ್ಮ ಹೆಸರು ಹೇಳಿದರು. ಊರು ಹೇಳಿದರು. ಆಮೇಲೆ ಪತ್ರಿಕೆಯಲ್ಲಿದ್ದಂತೆಯೇ, ದೂರದ ಹೊಲದಲ್ಲಿದ್ದವರಿಗೂ ಕೇಳುವ ಹಾಗೆ, "ಶ್ರೀ ಭರಮಪ್ಪನವರೇ" ಎಂದರು.

ಎಂದು, ತಮ್ಮ ಕಾನೂನಿನಂತೆ ಕಾದರು.

ಹೊಲದಲ್ಲಿ ಯಾರೋ ತಲೆಯೆತ್ತಿ ನೋಡಿ ಮತ್ತೆ ಬಗ್ಗಿದರು. ಚಿಕ್ಕಪ್ಪ ಕದಲಲಿಲ್ಲ. ಕಾಯುತ್ತಲೇ ಇದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಈ ಸಲ ಬಜ್ಜಿ ತಿಂದಿರಲಿಲ್ಲ.

ಕೊನೆಗೆ ನಾನೇ, ಅವರ ಹಿಂದೆ ನಿಂತು, "ಹೂಂ" ಎಂದೆ.

ಆಮೇಲೆಯೇ ಅವರು ಬಗ್ಗಿ ಪತ್ರಿಕೆಯನ್ನು ಬೇವಿನ ಬುಡದಲ್ಲಿ ಇಟ್ಟಿದ್ದು.