ಯಾರೂ ಬೀಳದ ಮನೆಯ ಫಲಕಕ್ಕೊಂದು ಬಿನ್ನಹ

ಆರೈಕೆ ಮನೆಯ ಸ್ವಾಗತ ಕೊಠಡಿಯಲ್ಲಿ, ಬಾಗಿಲು ದಾಟಿದವರಿಗೆ ಎಲ್ಲಕ್ಕಿಂತ ಮೊದಲು ಕಾಣುವ ಗೋಡೆಯ ಮೇಲೆ ವಿರಾಜಮಾನರಾಗಿರುವ ಮಾನ್ಯ ಸುರಕ್ಷತಾ ಫಲಕದವರ ಸನ್ನಿಧಿಗೆ, ಏಳನೆಯ ಕೋಣೆಯ ನಿವಾಸಿಯ ತಂಗಿಯ ಮಗಳು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕುಶಲವಾಗಿದ್ದೀರೆಂದು ನಂಬಿದ್ದೇನೆ. ನಂಬುವುದೇನು, ಕಣ್ಣಾರೆ ಕಂಡಿದ್ದೇನೆ. ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಸ್ವಾಗತಕಾರಿಣಿಯವರು ತಮ್ಮ ಚೌಕಟ್ಟಿನ ಧೂಳು ಒರೆಸಿ, ಒಂದು ಕಾಲು ಗಿಡ್ಡಾಗಿರುವ ಸ್ಟೂಲನ್ನು ಹತ್ತಿ, ಎಡಗೈಯಲ್ಲಿ ಗೋಡೆ ಹಿಡಿದುಕೊಂಡು ಬಲಗೈಯಲ್ಲಿ ಕೊಕ್ಕೆಗೆ ನೇತುಹಾಕಿದ ಅಂಕಿಯನ್ನು ಬದಲಿಸುತ್ತಾರೆ. ನಾನು ಕೊನೆಯ ಸಲ ದರ್ಶನ ಪಡೆದ ದಿನ ತಾವು ‘ನಮ್ಮಲ್ಲಿ ಯಾರೂ ಬೀಳದೆ ೨೧೭ ದಿನಗಳು’ ಎಂದು ಸಾರುತ್ತಿದ್ದಿರಿ. ಇಡೀ ಕಟ್ಟಡದಲ್ಲಿ ಈಗ ಬೀಳುವ ಸಂಭವ ಇರುವುದು ಸ್ಟೂಲಿನ ಮೇಲಿರುವ ಆಕೆಯೊಬ್ಬರಿಗೇ ಎಂದು ನನಗೆ ಆತಂಕವಾಗಿತ್ತು. ಆಕೆ ನೌಕರರು, ನಿವಾಸಿಯಲ್ಲ, ಆದ್ದರಿಂದ ಬಿದ್ದರೂ ಲೆಕ್ಕಕ್ಕೆ ಬರುವುದಿಲ್ಲ ಎಂದು ಆಮೇಲೆ ತಿಳಿದು ಮನಸ್ಸು ಹಗುರವಾಯಿತು.

ಗೋಡೆಯ ಮೇಲಿನ ಹಲಗೆಗೆ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ಈ ಬಹಿರಂಗ ಪತ್ರವನ್ನು ಓದುವ ಇತರರು ಹುಬ್ಬೇರಿಸಬಹುದು. ನಾನು ಮೆಟ್ಟಿಲು ಹಾರಿ ಬಂದವಳಲ್ಲ, ಕ್ರಮವಾಗಿಯೇ ಬಂದಿದ್ದೇನೆ. ನಮ್ಮ ದೊಡ್ಡಮ್ಮನನ್ನು ಕುರ್ಚಿಗೆ ಯಾಕೆ ಕಟ್ಟಿದ್ದೀರಿ ಎಂದು ಮೊದಲು ಆಯಾಳನ್ನು ಕೇಳಿದೆ. ಅವಳು ವ್ಯವಸ್ಥಾಪಕರ ಕೋಣೆಯತ್ತ ಗದ್ದ ಎತ್ತಿ ತೋರಿಸಿದಳು. ವ್ಯವಸ್ಥಾಪಕರು ನನ್ನ ಮಾತನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡು, ಗಾಜಿನ ಆಚೆ ಕಾಣುತ್ತಿದ್ದ ತಮ್ಮ ಕಡೆ ಭಯಭಕ್ತಿಯಿಂದ ಒಮ್ಮೆ ನೋಡಿ, ದನಿ ತಗ್ಗಿಸಿ, “ಎಬ್ಬಿಸಬಹುದು ಮೇಡಂ, ಯಾರು ಬೇಡ ಅಂತಾರೆ. ಆದ್ರೆ ಅಕಸ್ಮಾತ್ ಏನಾದ್ರೂ ಆದ್ರೆ ಬೋರ್ಡ್ ಕೆಡುತ್ತೆ” ಎಂದರು. ಈ ಸಂಸ್ಥೆಯಲ್ಲಿ ಅಂತಿಮ ಅಧಿಕಾರ ಯಾರಲ್ಲಿದೆ ಎಂಬುದು ಆ ಕ್ಷಣ ನನಗೆ ಸ್ಪಷ್ಟವಾಯಿತು. ಹಾಗಾಗಿ ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ನನ್ನ ದೊಡ್ಡಮ್ಮನಿಗೆ ಎಂಬತ್ತೊಂದು ವರ್ಷ. ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಗದ ವಿಂಗಡಿಸಿದವರು, ಅದೂ ನಿಂತುಕೊಂಡೇ. ಇಲಾಖೆ ಕುರ್ಚಿ ಕೊಟ್ಟಿರಲಿಲ್ಲವೆಂದಲ್ಲ. ಕೂತರೆ ಕೈ ಸೋಮಾರಿಯಾಗುತ್ತದೆ, ಕಾಗದ ತಪ್ಪು ಗೂಡಿಗೆ ಹೋಗುತ್ತದೆ ಎಂಬುದು ಅವರ ಸಿದ್ಧಾಂತ. ಒಂದು ವರ್ಷದ ಹಿಂದೆ ತಮ್ಮ ಆರೈಕೆ ಮನೆಯನ್ನು ಆರಿಸಿದವರು ಅವರೇ. ಯಾರೂ ಅವರನ್ನು ತಂದು ಬಿಟ್ಟದ್ದಲ್ಲ. ಊಟದ ಪಟ್ಟಿ, ಹಾಸಿಗೆಯ ಮೆತ್ತೆ, ಟಿ.ವಿ. ಯಾವುದನ್ನೂ ನೋಡದೆ, ಊರುಗೋಲು ಹಿಡಿದು ಕಾರಿಡಾರಿನ ಈ ತುದಿಯಿಂದ ಆ ತುದಿಯ ಕಿಟಕಿಯವರೆಗೆ ನಡೆದುಹೋದರು. ಅರವತ್ತನಾಲ್ಕು ಹೆಜ್ಜೆ. ಕಿಟಕಿಯ ಕೆಳಗೆ ಬೀದಿ, ಬೀದಿಯಾಚೆ ಸೈಕಲ್ ರಿಪೇರಿಯವನ ಅಂಗಡಿ. ಪಂಕ್ಚರ್ ಹಾಕುವುದನ್ನು ಐದು ನಿಮಿಷ ನೋಡಿ, ತಿರುಗಿ, “ಹ್ಞೂಂ, ಆಗುತ್ತೆ ಕಣೇ ಈ ಮನೆ. ನಡೆಯೋಕೆ ಜಾಗ ಇದೆ, ನಿಂತ್ಕೊಂಡು ನೋಡೋಕೆ ಏನಾದ್ರೂ ಇದೆ” ಎಂದರು. ಅಲ್ಲಿಂದ ದಿನಕ್ಕೆ ಎರಡು ಸಲ ಆ ಕಿಟಕಿಗೆ ಹೋಗಿಬರುತ್ತಿದ್ದರು. ಆಗ ತಾವಿನ್ನೂ ಗೋಡೆಗೆ ಬಂದಿರಲಿಲ್ಲ.

ಮುಂದೆ ತಪಾಸಣೆಯವರು ಬಂದರು, ಬೀಳುವ ಪ್ರಕರಣಗಳನ್ನು ತಗ್ಗಿಸಬೇಕೆಂದು ಬರೆದುಹೋದರು, ತಾವು ಪ್ರತಿಷ್ಠಾಪಿತರಾದಿರಿ. ಒಳ್ಳೆಯ ಉದ್ದೇಶವೇ. ಬೀಳುವುದು ತಮಾಷೆಯಲ್ಲ ಎಂಬುದು ನನಗೂ ಗೊತ್ತು. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಒಮ್ಮೆ ಮುರಿದರೆ ಮನುಷ್ಯರೂ ಅದರ ಜೊತೆಗೇ ಮುರಿಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆದರೆ ಬೀಳುವುದನ್ನು ನಿಲ್ಲಿಸಲು ಕಾರಿಡಾರಿಗೆ ಎರಡೂ ಬದಿ ಕೈಹಿಡಿ ಹಾಕಿಸುವುದು, ಬಚ್ಚಲಿನ ನುಣುಪು ಕಲ್ಲು ಕೀಳಿಸುವುದು, ಇನ್ನಿಬ್ಬರು ಆಯಾಗಳನ್ನು ನೇಮಿಸುವುದು ಮುಂತಾದ ಸುತ್ತುಬಳಸಿನ ದಾರಿಗಳನ್ನೆಲ್ಲ ಬಿಟ್ಟು, ಎಲ್ಲರನ್ನೂ ಕೂರಿಸಿಬಿಡುವ ನೇರ ದಾರಿಯನ್ನು ತಮ್ಮ ಸಂಸ್ಥೆ ಕಂಡುಕೊಂಡಿತಲ್ಲ, ಆ ಪ್ರತಿಭೆಗೆ ಕೈ ಮುಗಿಯಬೇಕು. ಕೂತವರು ಬೀಳುವುದಿಲ್ಲ. ಇಷ್ಟು ಸರಳವಾದ ಸತ್ಯ ಇಷ್ಟು ಕಾಲ ವೈದ್ಯಲೋಕದ ಕಣ್ಣಿಗೆ ಬೀಳದೆ ಹೋದದ್ದಾದರೂ ಹೇಗೆ?

ಐದು ವಾರದ ಹಿಂದೆ ದೊಡ್ಡಮ್ಮ ಕಾರಿಡಾರಿನಲ್ಲಿ ಒಮ್ಮೆ ಎಡವಿದರು. ಬೀಳಲಿಲ್ಲ, ಬಾಗಿಲ ಚೌಕಟ್ಟನ್ನು ಹಿಡಿದು ಸಾವರಿಸಿಕೊಂಡು, ತಮ್ಮ ಚಪ್ಪಲಿಗೆ ಎರಡು ಬೈದು ಮುಂದೆ ನಡೆದರು. ದಾಖಲೆ ಪುಸ್ತಕದಲ್ಲಿ ಅದು ‘ಬೀಳುವ ಪ್ರಯತ್ನ’ ಎಂದು ನಮೂದಾಯಿತು. ಅಂದಿನಿಂದ ಅವರು ಕೆಂಪು ವರ್ಗ. ಕೆಂಪು ವರ್ಗಕ್ಕೆ ಸುರಕ್ಷತಾ ಕುರ್ಚಿ: ಮುಂದೆ ಕೂರಿಸಿದ ಟ್ರೇ, ಹೊಟ್ಟೆಯ ಸುತ್ತ ಅಗಲವಾದ ಬೆಲ್ಟು, ಕೂತವರ ಕೈಗೆ ಎಟುಕದ ಹಾಗೆ ಬೆನ್ನ ಹಿಂದೆ ಅದರ ಬಕಲು. ನಾನು ಹೋದಾಗ ದೊಡ್ಡಮ್ಮ ಆ ಬೆಲ್ಟನ್ನು ಎರಡು ಬೆರಳಲ್ಲಿ ಎಳೆದು ತೋರಿಸಿ, “ಕುರ್ಚಿ ಅಲ್ಲ ಕಣೇ ಇದು, ನನ್ನ ಪಾರ್ಸೆಲ್ ಕಟ್ಟಿದಾರೆ. ವಿಳಾಸ ಬರೆಯೋದೊಂದು ಬಾಕಿ” ಎಂದು ನಕ್ಕರು. ನಾನೂ ನಕ್ಕೆ.

ಬೀಳದಂತೆ ತಡೆಯುವುದರಲ್ಲಷ್ಟೇ ಅಲ್ಲ, ಬಿದ್ದದ್ದನ್ನು ಬೀಳದಂತೆ ಮಾಡುವುದರಲ್ಲಿಯೂ ತಮ್ಮ ಸಂಸ್ಥೆ ಎತ್ತಿದ ಕೈ. ಪಕ್ಕದ ಕೋಣೆಯ ನಿವೃತ್ತ ಹೆಡ್‌ಮಾಸ್ತರರು ಒಂದು ಬೆಳಿಗ್ಗೆ ಮಂಚದಿಂದ ಜಾರಿ ಕೆಳಗಾದರು. ಪುಸ್ತಕದಲ್ಲಿ, ‘ನಿವಾಸಿಯು ಸ್ವಇಚ್ಛೆಯಿಂದ ನೆಲದ ಮೇಲೆ ಕುಳಿತಿರುವುದು ಕಂಡುಬಂದಿತು’ ಎಂದು ಬರೆಯಲಾಯಿತು. ಮಾಸ್ತರರು ಆ ಪುಟ ತರಿಸಿಕೊಂಡು ಓದಿ, “ನಾನು ಕೂತದ್ದಲ್ಲಪ್ಪಾ, ಬಿದ್ದದ್ದು. ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿದೋನು ನಾನು. ಅವರಾದ್ರೂ ನನ್ನ ಹೆಸರಲ್ಲಿ ಹೇಳ್ತಿರಲಿಲ್ಲ” ಎಂದರಂತೆ. ಅಂದು ತಮ್ಮ ಅಂಕಿ ನೂರ ಅರವತ್ತೊಂದರಿಂದ ನೂರ ಅರವತ್ತೆರಡಕ್ಕೆ ಸುಸೂತ್ರವಾಗಿ ಏರಿತು.

ಕಟ್ಟಿಹಾಕಿದರೆ ವ್ಯಾಯಾಮದ ಗತಿಯೇನು ಎಂದು ಕೇಳುವ ನನ್ನಂಥ ಅವಸರದವರಿಗೆ ಗೋಡೆಯ ಮೇಲೆ ಇನ್ನೊಂದು ಉತ್ತರ ಸಿದ್ಧವಿದೆ. ಪ್ರತಿ ಕೋಣೆಯ ಬಾಗಿಲ ಹಿಂದೆ ಒಂದು ಹಾಳೆ. ಅದರಲ್ಲಿ ‘ಸಂಜೆ ನಾಲ್ಕು, ನಡಿಗೆ, ಇಪ್ಪತ್ತು ನಿಮಿಷ’ ಎಂಬ ಕಾಲಂ. ಕಳೆದ ಬುಧವಾರದ ಸಂಜೆ ನಾಲ್ಕಕ್ಕೆ ದೊಡ್ಡಮ್ಮ ಅರ್ಧ ದಿನ ರಜೆ ಹಾಕಿದ ನನ್ನ ಜೊತೆ ಗಾಲಿಕುರ್ಚಿಯಲ್ಲಿ ಕಣ್ಣಿನ ವೈದ್ಯರಲ್ಲಿದ್ದರು, ಯಂತ್ರದ ಮೇಲೆ ಗದ್ದ ಊರಿ ಹಸಿರು ದೀಪ ನೋಡುತ್ತಿದ್ದರು. ಮರಳಿ ಬಂದು ನೋಡಿದರೆ ಅದೇ ಹೊತ್ತಿನಲ್ಲಿ ಅವರು ಇಲ್ಲಿ ಇಪ್ಪತ್ತು ನಿಮಿಷ ನಡೆದಿದ್ದರು. ಅಷ್ಟೇ ಅಲ್ಲ, ಇನ್ನೂ ಬಾರದ ಗುರುವಾರ, ಶುಕ್ರವಾರ, ಶನಿವಾರಗಳಲ್ಲಿಯೂ ನಡೆದು ಮುಗಿಸಿದ್ದರು. ಎಂಬತ್ತೊಂದರಲ್ಲಿ ಇಂಥ ಮುನ್ನಡೆ ಯಾರಿಗುಂಟು! ಆಯಾಳನ್ನು ಕೇಳಿದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, “ಬೈಬೇಡಿ ಅಕ್ಕಾ. ಹತ್ತೊಂಬತ್ತು ಜನ ಇದಾರೆ, ನಂಗಿರೋದು ಎರಡೇ ಕೈ. ಬರೆಯೋಕೆ ಒಂದು ಕೈ ಹೋದ್ರೆ ಎತ್ತೋಕೆ ಇನ್ನೊಂದೇ ಉಳಿಯೋದು. ಅದಕ್ಕೇ ಸೋಮವಾರವೇ ಬರೆದು ಮುಗಿಸಿಬಿಡ್ತೀನಿ” ಎಂದಳು. ಅವಳ ಮೇಲೆ ನನಗೆ ದೂರಿಲ್ಲ. ಆ ಮನೆಯಲ್ಲಿ ನಿಜವಾಗಿ ಓಡಾಡುವವಳು ಅವಳೊಬ್ಬಳೇ, ಮತ್ತು ಅವಳು ನಡೆದದ್ದನ್ನು ಯಾರೂ ಬರೆದಿಡುವುದಿಲ್ಲ.

ತಮ್ಮ ಸಾಧನೆಯಿಂದ ಪುಳಕಿತಳಾಗಿ ಕೆಲವು ಕೋರಿಕೆಗಳನ್ನು ಮುಂದಿಡುತ್ತೇನೆ, ದಯಮಾಡಿ ಪರಿಶೀಲಿಸಬೇಕು. ಈವರೆಗೆ ವರದಿಯಾಗಿರುವ ಎಲ್ಲ ಬೀಳುವಿಕೆಗಳೂ ನೆಲದ ಮೇಲೆಯೇ ಆಗಿರುವುದರಿಂದ ನೆಲವನ್ನು ತೆಗೆಸಿಬಿಡುವ ಬಗ್ಗೆ ತಮ್ಮ ಸಂಸ್ಥೆ ಯೋಚಿಸಬಹುದು. ಅದು ದುಬಾರಿ ಎನಿಸಿದರೆ ಭೂಮಿಯ ಸೆಳೆತಕ್ಕೆ ಒಂದು ನೋಟಿಸು ಕಳಿಸಿ, ಕನಿಷ್ಠ ಭೇಟಿಯ ಸಮಯದಲ್ಲಾದರೂ ಸಡಿಲಿಸುವಂತೆ ತಾಕೀತು ಮಾಡಬಹುದು. ತಮ್ಮ ಅಂಕಿಗಳು ಬೀಳದೆ ಇರುವುದು ಕೊಕ್ಕೆಯ ದಯೆಯಿಂದ; ನಿವಾಸಿಗಳಿಗೂ ತಲೆಗೊಂದು ಕೊಕ್ಕೆ ಹೊಡೆಸಿ ಸಾಲಾಗಿ ನೇತುಹಾಕಿದರೆ ಕುರ್ಚಿಯ ಖರ್ಚೂ ಉಳಿದೀತು, ಕೆಳಗೆ ಗುಡಿಸುವುದಕ್ಕೂ ಸಲೀಸು. ಇದೇ ನೀತಿಯನ್ನು ಮುಂದುವರಿಸಿ, ತುತ್ತು ಗಂಟಲಿಗೆ ಸಿಕ್ಕಿಕೊಳ್ಳದಂತೆ ಊಟವನ್ನೂ, ಬಿಸಿನೀರು ಸುಡದಂತೆ ಸ್ನಾನವನ್ನೂ, ಒಬ್ಬರಿಂದೊಬ್ಬರಿಗೆ ನೆಗಡಿ ಹರಡದಂತೆ ಮಾತುಕತೆಯನ್ನೂ ನಿಲ್ಲಿಸಬಹುದು. ಆಗ ತಮ್ಮಂಥ ಫಲಕಗಳು ಗೋಡೆ ತುಂಬ ಬೇಕಾಗುತ್ತವೆ. ಬೇಸರದಿಂದ ಸೊರಗಿದವರ ಸಂಖ್ಯೆಗೆ ಮಾತ್ರ ಜಾಗ ಸಾಲಲಿಕ್ಕಿಲ್ಲ.

ಹಾಸ್ಯ ಇಲ್ಲಿಗೆ ಸಾಕು, ಮಾನ್ಯರೇ. ವಾರಕ್ಕೊಮ್ಮೆ ಬರುವ ಫಿಸಿಯೋಥೆರಪಿಯವರು ಮೊನ್ನೆ ದೊಡ್ಡಮ್ಮನ ಮೀನಖಂಡದ ಸುತ್ತ ಟೇಪು ಹಿಡಿದು ನೋಡಿ ನನ್ನನ್ನು ಹೊರಗೆ ಕರೆದರು. “ಎರಡು ಸೆಂಟಿಮೀಟರ್ ಇಳಿದಿದೆ. ಇನ್ನೊಂದು ತಿಂಗಳು ಹೀಗೇ ಕೂರಿಸಿದ್ರೆ, ಆಮೇಲೆ ನೀವೇ ಬೆಲ್ಟ್ ಬಿಚ್ಚಿದ್ರೂ ಅವರು ಏಳಲ್ಲ” ಎಂದರು. ಒಂದು ತಿಂಗಳು ಎಂದರೆ ತಮಗೆ ಬರೀ ಮೂವತ್ತು ಅಂಕಿ. ದೊಡ್ಡಮ್ಮನಿಗೆ ಅದು ಇರುವ ಎರಡು ಕಾಲು. ಬೆಲ್ಟು ಬಿಚ್ಚಿಸಿದರೆ ಮತ್ತೆ ಎಡವಬಹುದು, ಬಿದ್ದರೆ ಏನು ಗತಿ ಎಂದು ನಾನು ಅವರನ್ನೇ ಕೇಳಿದೆ. “ಬಿದ್ರೆ ಏಳ್ತೀನಿ. ಏಳೋಕಾಗದಿದ್ರೆ ಕೂಗ್ತೀನಿ. ಕೂಗೋಕೂ ಆಗದಿದ್ರೆ ನಿಂಗೆ ಫೋನ್ ಮಾಡ್ತಾರೆ ಬಿಡು. ಆದ್ರೆ ಅಲ್ಲೀವರೆಗೆ ನಡೆದಿರ್ತೀನಲ್ಲೇ ಹುಚ್ಚಿ” ಎಂದರು. ಸುರಕ್ಷತೆಯ ಬಗ್ಗೆ ನಾನು ಈವರೆಗೆ ಕೇಳಿದ ಮಾತುಗಳಲ್ಲಿ ಇದಕ್ಕಿಂತ ತೂಕದ್ದು ಇನ್ನೊಂದಿಲ್ಲ.

ಈ ಉತ್ತರ ಹಿಡಿದು ಮತ್ತೆ ವ್ಯವಸ್ಥಾಪಕರ ಬಳಿ ಹೋದೆ. ಅವರು ಯಾವ ವಾದಕ್ಕೂ ಇಳಿಯದೆ ಕಡತ ತೆರೆದು ಒಂದು ಹಾಳೆಯನ್ನು ನನ್ನ ಮುಂದೆ ತಿರುಗಿಸಿ ಇಟ್ಟರು. ‘ಅಗತ್ಯ ಕಂಡಲ್ಲಿ ನಿವಾಸಿಯನ್ನು ಕುರ್ಚಿಗೆ ಬಂಧಿಸಲು ಸಮ್ಮತಿ.’ ಕೆಳಗೆ ಒಂದು ಸಹಿ. ಸಹಿ ನನ್ನದು. ಸೇರಿಸಿದ ದಿನ ಒಟ್ಟು ಹತ್ತೊಂಬತ್ತು ಹಾಳೆ ಕೊಟ್ಟಿದ್ದರು, “ಇದೆಲ್ಲ ಮಾಮೂಲಿ ಮೇಡಂ, ಇಂಟು ಗುರುತು ಇದ್ದಲ್ಲೆಲ್ಲ ಒಂದೊಂದು ಹಾಕಿಬಿಡಿ” ಎಂದಿದ್ದರು, ಹಾಕಿಬಿಟ್ಟಿದ್ದೆ. ಒಂದು ಕವಿತೆಯ ನಾಲ್ಕು ಸಾಲು ಓದಲು ಇಡೀ ಮಧ್ಯಾಹ್ನ ಕೊಡುವ ನಾನು ಆ ಹತ್ತೊಂಬತ್ತು ಹಾಳೆಗಳಿಗೆ ಕೊಟ್ಟದ್ದು ನಾಲ್ಕು ನಿಮಿಷ. ಮೇಲೆ ಬರೆದ ದೂರುಗಳಲ್ಲಿ ಎಷ್ಟು ಪಾಲು ತಮಗೆ, ಎಷ್ಟು ಪಾಲು ನನಗೆ ಎಂದು ಅಂದಿನಿಂದ ಲೆಕ್ಕ ಹಾಕುತ್ತಲೇ ಇದ್ದೇನೆ, ಕೂಡುತ್ತಿಲ್ಲ. ಆ ಬಕಲನ್ನು ಬೆನ್ನ ಹಿಂದೆ ಹಾಕಿದ ಕೈ ಆಯಾಳದ್ದು, ಹಾಕಬಹುದು ಎಂದ ಕೈ ನನ್ನದು. ದೊಡ್ಡಮ್ಮನಿಗೆ ಈ ವಿಷಯ ಹೇಳಿದಾಗ ಅವರು, “ಹೋಗಲಿ, ಈಗ ಓದಿದ್ಯಲ್ಲ” ಎಂದಷ್ಟೇ ಅಂದರು. ಬೈದಿದ್ದರೆ ಒಳ್ಳೆಯದಿತ್ತು.

ಆದಕಾರಣ ಆ ಸಮ್ಮತಿಯನ್ನು ನಾನು ಹಿಂತೆಗೆದುಕೊಂಡಿದ್ದೇನೆ, ಲಿಖಿತವಾಗಿ ಕೊಟ್ಟು ಸ್ವೀಕೃತಿಯ ಮೊಹರನ್ನೂ ಹಾಕಿಸಿಕೊಂಡಿದ್ದೇನೆ. ಅದರ ಜೊತೆಗೆ ದೊಡ್ಡಮ್ಮ ಸ್ವಹಸ್ತದಿಂದ, ‘ನಾನು ನಡೆಯುತ್ತೇನೆ, ಬಿದ್ದರೆ ಹೊಣೆ ನನ್ನದೇ’ ಎಂದು ಬರೆದುಕೊಟ್ಟ ಚೀಟಿಯೂ ಇದೆ. ಅದಕ್ಕೆ ಸೂಕ್ತ ನಮೂನೆ ಇಲ್ಲದ ಕಾರಣ ಎಲ್ಲಿಡಬೇಕೆಂದು ಕಚೇರಿಯವರಿಗೆ ತೋಚಿಲ್ಲವಂತೆ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರು ಎದ್ದು ನಿಲ್ಲುತ್ತಾರೆ. ಅರವತ್ತನಾಲ್ಕು ಹೆಜ್ಜೆ ಸಾಧ್ಯವೋ ನಾಲ್ಕೇ ಹೆಜ್ಜೆಯೋ ಗೊತ್ತಿಲ್ಲ. ಐದು ವಾರದ ಮೇಲೆ ಆ ಕಾಲುಗಳು ಏನು ಹೇಳುತ್ತವೆ ಎಂದು ನೆನೆದರೆ ನನಗೆ ಭಯವಾಗುತ್ತದೆ. ಅವರಿಗೂ ಆಗುತ್ತಿರಬೇಕು, ಹೊಸ ಚಪ್ಪಲಿ ತರಲು ಹೇಳಿದ್ದಾರೆ. ಅಂದು ತಮ್ಮ ಅಂಕಿಗಳು ಸೊನ್ನೆಗೆ ಇಳಿಯುವ ಪ್ರಸಂಗ ಬಂದರೆ ಅದನ್ನು ವೈಯಕ್ತಿಕ ಅವಮಾನವೆಂದು ಭಾವಿಸಬಾರದಾಗಿ ಪ್ರಾರ್ಥನೆ. ತಮ್ಮ ಪಕ್ಕದಲ್ಲಿ ‘ಇಂದು ನಡೆದವರು ಇಷ್ಟು ಮಂದಿ’ ಎಂಬ ಇನ್ನೊಂದು ಸಣ್ಣ ಹಲಗೆ ಹಾಕಿಸಬೇಕೆಂದೂ ಕೋರುತ್ತೇನೆ. ಮೇಲಿನ ಕೋರಿಕೆಗಳಲ್ಲಿ ಇದೊಂದನ್ನು ಮಾತ್ರ ನಿಜವಾಗಿಯೇ ಬರೆದದ್ದು.

ತಮ್ಮ ಅಂಕಿಗಳಿಗೆ ಎಂದೆಂದೂ ತಲೆಬಾಗುವ, ಆದರೆ ಇನ್ನು ಮೇಲೆ ಓದದೆ ಸಹಿ ಹಾಕದ,

ತಮ್ಮ ವಿಶ್ವಾಸಿ,
ಏಳನೆಯ ಕೋಣೆಯವರ ತಂಗಿಯ ಮಗಳು

ಮರೆತ ಮಾತು: ಸಮ್ಮತಿ ಹಿಂತೆಗೆದುಕೊಂಡ ತಕ್ಷಣ ವ್ಯವಸ್ಥಾಪಕರು ಮುಗುಳ್ನಗುತ್ತಾ ಇಪ್ಪತ್ತನೆಯ ಹಾಳೆಯೊಂದನ್ನು ಕೊಟ್ಟರು. ‘ನಿವಾಸಿಯು ನಡೆಯುವಾಗಲೆಲ್ಲ ಸಂಬಂಧಿಕರೊಬ್ಬರು ಪಕ್ಕದಲ್ಲಿರತಕ್ಕದ್ದು’ ಎಂದು ಅದರಲ್ಲಿತ್ತು. ಕೆಲಸಕ್ಕೆ ಹೋಗುವವಳು ದಿನಾ ಎಲ್ಲಿ ಬರುತ್ತಾಳೆ ಎಂಬ ಧೈರ್ಯ ಆ ನಗುವಿನಲ್ಲಿತ್ತು. ಈ ಸಲ ಮೂರು ಬಾರಿ ಓದಿದೆ. ಯಾರ ಸಂಬಂಧಿಕರು ಎಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಅಂದರೆ ಯಾರ ಸಂಬಂಧಿಕರು ಬಂದರೂ ಎಲ್ಲರೂ ನಡೆಯಬಹುದು. ಮಾಸ್ತರರ ಸೊಸೆ ಸೋಮವಾರ ಬರುತ್ತಾರೆ, ಮೂರನೆಯ ಕೋಣೆಯವರ ತಮ್ಮ ಮಂಗಳವಾರ, ನನಗೆ ಗುರುವಾರ ಮತ್ತು ಭಾನುವಾರ ರಜೆ. ಹೀಗೆ ವಾರದ ಏಳು ದಿನಕ್ಕೂ ಸರದಿ ಗೊತ್ತುಮಾಡಿಕೊಂಡು, ನಡೆಯಬಯಸುವ ಒಂಬತ್ತು ಮಂದಿಯ ಪರವಾಗಿ ಹಾಳೆಗಳಿಗೆ ಸಹಿ ಹಾಕಿ ಕಳಿಸಿದ್ದೇವೆ. ಈ ಸುದ್ದಿ ಮುಟ್ಟುವ ಹೊತ್ತಿಗೆ ವ್ಯವಸ್ಥಾಪಕರು ಕುರ್ಚಿಯಲ್ಲಿ ಭದ್ರವಾಗಿ ಕುಳಿತಿರುವಂತೆ ತಾವೇ ನೋಡಿಕೊಳ್ಳಬೇಕು. ಬೇಕಿದ್ದರೆ ಗುರುವಾರದಿಂದ ಒಂದು ಬೆಲ್ಟು ಖಾಲಿಯಿರುತ್ತದೆ.